ಸಿನಿಮಾದವರು ತಂದ ಹನ್ನೆರಡು ಬಳೆ

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಕೋಡಿ ಊರಿನವರಿಗೆ ಸಿನಿಮಾ ಎಂದರೆ ಕುಂದಾಪುರ ಪೇಟೆಗೆ ಹೋಗಿ, ಟಿಕೇಟು ತೆಗೆದು, ಕತ್ತಲೆಯಲ್ಲಿ ಕೂತು ನೋಡುವಂಥದ್ದು. ಅದೇ ಸಿನಿಮಾ ತಾನಾಗಿ ನಡೆದುಕೊಂಡು ನಾವು ಮೀನು ಒಣಗಿಸುವ ಜಾಗಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ, ಪಾಪ ಬಿಸಿಲು ತಾಗಿದೆ ಎಂದು ನಮ್ಮಜ್ಜಿ ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಆದರೆ ಬಂತು. ಅದೂ ಬೆಂಗಳೂರಿನಿಂದಲ್ಲ, ಮೆಕ್ಸಿಕೋದಿಂದ.

ಮೆಕ್ಸಿಕೋ ಎಲ್ಲಿದೆ ಎಂದು ನಮ್ಮ ಮಾಷ್ಟ್ರಿಗೂ ತಟ್ಟನೆ ಹೇಳಲಾಗಲಿಲ್ಲ. ಭೂಪಟದ ಮೇಲೆ ಬಹಳ ಹೊತ್ತು ಬೆರಳು ಓಡಿಸಿ, ಕೊನೆಗೆ ಅಮೆರಿಕದ ಕಾಲಬುಡದಲ್ಲಿ ಹುಡುಕಿ ತೋರಿಸಿದರು. ಬೆಳ್ಳಗಿನ ದೊರೆಸಾನಿ ಬರುತ್ತಾಳೆ ಎಂದು ನಾವೆಲ್ಲ ಕಾದದ್ದೇ ಕಾದದ್ದು. ಜೀಪಿನಿಂದ ಇಳಿದ ಮಾರ್ತಾ ಎಂಬ ನಿರ್ದೇಶಕಿ ಕುಳ್ಳಗೆ, ಕಪ್ಪಗೆ, ಒಂದೇ ಜಡೆ ಹಾಕಿಕೊಂಡು, ಥೇಟ್ ನಮ್ಮ ಮೀನುಪೇಟೆಯ ಹೆಂಗಸಿನ ಹಾಗೇ ಇದ್ದಳು. ನಮಗೆ ಸ್ವಲ್ಪ ಬೇಜಾರೇ ಆಯಿತು.

ಅವಳ ಜೊತೆ ಕ್ಯಾಮೆರಾದವರು ಮೂವರು, ಮತ್ತೆ ಬೆಂಗಳೂರಿನ ಶ್ರೀಧರ ಎಂಬ ದುಭಾಷಿ. ಮಾರ್ತಾ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವನು ಪುಸ್ತಕದ ಕನ್ನಡದಲ್ಲಿ ನಮಗೆ ಹೇಳುತ್ತಿದ್ದ. ನಮ್ಮ ಕುಂದಾಪ್ರ ಕನ್ನಡ ಅವನಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ, ಆದರೂ ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ. ಅವನು ವಿವರಿಸಿದ ಕತೆ ಇಷ್ಟು: ಮಾರ್ತಾಳ ಊರು ಅವರ ದೇಶದ ಗಡಿಯಲ್ಲಿದೆ. ಗಂಡಸರು ಕೆಲಸ ಹುಡುಕಿಕೊಂಡು ಬೇಲಿ ದಾಟಿ ಆಚೆ ದೇಶಕ್ಕೆ ಹೋಗುತ್ತಾರೆ. ಕೆಲವರು ವಾಪಸು ಬರುವುದಿಲ್ಲ, ಹೆಂಗಸರು ಕಾಯುತ್ತಾರೆ. ಸಿನಿಮಾದ ಅರ್ಧವನ್ನು ಅಲ್ಲಿಯ ಹೆಂಗಸರನ್ನೇ ನಿಲ್ಲಿಸಿ ತೆಗೆದಾಗಿದೆ. ಇನ್ನರ್ಧಕ್ಕೆ ಸಮುದ್ರ ಬೇಕು, ಸಮುದ್ರಕ್ಕೆ ಹೋದವರನ್ನು ಕಾಯುವವರು ಬೇಕು. ನಟಿಯರು ಬೇಡ, ಊರವರೇ ಆಗಬೇಕು.

ಆರಿಸುವ ದಿನ ಭಾನುವಾರ, ಜಾಗ ನಮ್ಮ ಶಾಲೆಯ ಜಗಲಿ. ಹಾಂ, ಆ ದಿನ ನೋಡಬೇಕಿತ್ತು. ಪೆಟ್ಟಿಗೆಯಡಿಯ ಸೀರೆಗಳೆಲ್ಲ ಹೊರಬಿದ್ದಿದ್ದವು. ಜಗಲಿಯಿಡೀ ನುಸಿಗುಳಿಗೆ, ಮಲ್ಲಿಗೆ, ಪೌಡರಿನ ವಾಸನೆ. ಪಕ್ಕದ ಮನೆಯ ಗಿರಿಜಕ್ಕ ತನ್ನ ಧಾರೆ ಸೀರೆ ಉಟ್ಟು, ಅತ್ತಿಗೆಯ ಸರವನ್ನೂ ಹಾಕಿಕೊಂಡು ಬಂದಿದ್ದಳು. ನಾನು ಹಬ್ಬದ ಫ್ರಾಕು ತೊಟ್ಟಿದ್ದೆ. ಮಾರ್ತಾ ಸಾಲನ್ನು ಒಮ್ಮೆ ನೋಡಿ ತಲೆಗೆ ಕೈ ಹಚ್ಚಿದಳು.

"ದಿನಾಲೂ ಇರುವ ಹಾಗೇ ಬನ್ನಿ ಅಂತ ಹೇಳಿದ್ದೆವಲ್ಲ ಅಮ್ಮ" ಎಂದ ಶ್ರೀಧರ.

"ಫೋಟೋ ತೆಗೂಕೆ ಬಪ್ಪತಿಗೆ ಯಾರಾರೂ ಮೀನ್ ವಾಸ್ನಿ ಸೀರಿ ಉಟ್ಕಂಡ್ ಬತ್ರಾ?" ಎಂದಳು ಗಿರಿಜಕ್ಕ. ನನಗೂ ಅದೇ ಸರಿ ಎನಿಸಿತು.

ಮಾರ್ತಾ ಹೊರಗೆ ಹೋದಳು. ಶಾಲೆಯ ಹಿಂದೆಯೇ ನಮ್ಮ ಮೀನು ಹರಡುವ ಮರಳು. ಅಲ್ಲಿ ನಮ್ಮಜ್ಜಿ, ಅಪ್ಪಯ್ಯನ ತಾಯಿ, ಕೋಲು ಹಿಡಿದು ಕಾಗೆಗಳನ್ನು ಬಾಯಿಗೆ ಬಂದಂತೆ ಬೈಯುತ್ತಾ ಕೂತಿದ್ದಳು. ಮಾಸಿದ ಸೀರೆ, ಬರಿಗೈ, ಬರಿಹಣೆ. ಅಜ್ಜ ನಾಡದೋಣಿಯಲ್ಲಿ ಹೋದವನು ಮರಳಿ ಬಾರದೆ ಆಗಲೇ ನಲವತ್ತು ವರ್ಷವಾಗಿತ್ತು. ಆಗ ಅಪ್ಪಯ್ಯ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಮಾರ್ತಾ ಅಜ್ಜಿಯನ್ನು ನೋಡುತ್ತ ನಿಂತುಬಿಟ್ಟಳು. ಆಮೇಲೆ ಶ್ರೀಧರನನ್ನು ಕರೆದಳು.

"ಅಜ್ಜಿ, ನೀವು ಸಿನಿಮಾದಲ್ಲಿ ಮಾಡಬೇಕಂತೆ."

"ನಾನಾ? ಹಂಗರೆ ಕಾಕಿ ಓಡ್ಸುದ್ ಯಾರ್?"

"ಹೆಚ್ಚೇನೂ ಇಲ್ಲ. ಸಮುದ್ರ ನೋಡುತ್ತ ಕಾಯಬೇಕು, ಅಷ್ಟೇ."

ಅಜ್ಜಿ ಕೋಲು ಕೆಳಗಿಟ್ಟಳು. "ಕಾಯುದಾ? ಅದ್ ನಂಗ್ ಬತ್ತ್" ಎಂದಳು.

ಆದರೂ ಒಪ್ಪಿರಲಿಲ್ಲ. ಒಪ್ಪಿಸಿದ್ದು ನಾನು. ಶಾಲೆಯಲ್ಲಿ ನನ್ನನ್ನು ಸಿನಿಮಾದವಳ ಮೊಮ್ಮಗಳು ಅನ್ನುತ್ತಾರೆ ಎಂಬ ಆಸೆ. ಸಂಜೆಯಿಡೀ ಅವಳ ಸೆರಗು ಬಿಡದೆ "ಹ್ಞೂಂ ಅನ್ನೆ ಅಜ್ಜಿ, ಹ್ಞೂಂ ಅನ್ನೆ" ಎಂದು ತಲೆ ತಿಂದೆ. ಆ ಗಲಾಟೆಯ ಮಧ್ಯೆ ಅವಳು ಕರೆದದ್ದು ನನಗೆ ಕೇಳಿಸಲಿಲ್ಲ, ಅದಕ್ಕೆ ಬೈಗುಳವೂ ಆಯಿತು. ಕರೆದರೆ ಎಲ್ಲಿದ್ದರೂ "ಓ" ಅನ್ನಬೇಕು, ಅದು ನಮ್ಮ ಮನೆಯಲ್ಲಿ ಅಜ್ಜಿಯ ಕಟ್ಟಳೆ. "ಕರ್ದ್ರೆ ಓ ಹೇಳುಕೆ ಬಾಯಿಲ್ಯಾ? ಕರ್ದರ್ ಜೀವ ಎಷ್ಟ್ ಹಾರುತ್ತ್ ಗೊತ್ತಿತ್ತಾ?" ಎನ್ನುತ್ತಿದ್ದಳು. ಕಡೆಗೆ ಒಣ ಚಟ್ಲಿ ಸಿಗಡಿಯ ಚಟ್ನಿ ಅರೆಯುತ್ತ "ಆಯ್ತ್, ಮಾಡ್ತೆ. ಒಂದ್ಸಲ ಬಾಯ್ಮುಚ್ಚ್" ಎಂದಳು.

ಮರುದಿನ ಬೆಳಿಗ್ಗೆ ಶ್ರೀಧರ ಒಂದು ಪೊಟ್ಟಣ ತಂದ. ಅದರಲ್ಲಿ ಹನ್ನೆರಡು ಹಸಿರು ಗಾಜಿನ ಬಳೆ. ಕತೆಯ ಹೆಂಗಸಿನ ಗಂಡ ಬದುಕಿದ್ದಾನೆ ಎಂದೇ ಅವಳ ನಂಬಿಕೆ, ಆದ್ದರಿಂದ ಬಳೆ ಬೇಕು. ಅಮ್ಮ ಒಲೆ ಬಿಟ್ಟು ಎದ್ದು ಬಂದಳು. "ಅತ್ತೆ, ಬ್ಯಾಡ. ಊರರ್ ಎಂತ ಹೇಳುದ್?" ಎಂದಳು.

ಅಜ್ಜಿ ಬಳೆಗಳನ್ನೇ ನೋಡುತ್ತಿದ್ದಳು. "ಹೇಳ್ಲಿ. ಅವ್ರಿಗೂ ಹೇಳುಕೆ ಎಂತಾರೂ ಬೇಕಲೆ" ಎಂದು ಎರಡೂ ಕೈ ನನ್ನ ಮುಂದೆ ಚಾಚಿದಳು. "ನೀ ಹಾಕ್ ಮಗಾ."

ಸಾಬೂನು ನೊರೆ ಹಚ್ಚಿ ನಾನೇ ಹಾಕಿದೆ, ಕೈಗೆ ಆರು. ಗಟ್ಟಿ ಕೈ, ಗಂಟುಗಂಟು ಬೆರಳು. ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಹೊಸದೊಂದು ಸದ್ದು ಸೇರಿಕೊಂಡಿತು. ಗಂಜಿ ತಿರುವಿದರೆ ಕಿಣಿಕಿಣಿ, ಬಲೆ ಹೊಲಿದರೆ ಕಿಣಿಕಿಣಿ. ಕಾಗೆ ಇಲ್ಲದಿದ್ದರೂ ಅಜ್ಜಿ ಸುಮ್ಮನೆ ಕೈ ಬೀಸುತ್ತಿದ್ದಳು, ನಾನು ನೋಡಿದ್ದೇನೆ. ಕ್ಯಾಮೆರಾ ಮುಂದೆ ಅವಳಿಗೆ ಅಂಜಿಕೆಯೇ ಇರಲಿಲ್ಲ. ಮಾರ್ತಾ ಆಗಾಗ "ಒತ್ರಾ ವೆಸ್" ಎನ್ನುವಳು, ಇನ್ನೊಂದು ಸಲ ಎಂದರ್ಥ. ನಾವು ಮಕ್ಕಳು ಕುಂಟಾಟ ಬಿಟ್ಟು, ತೆಂಗಿನ ಗೆರಟೆಯನ್ನು ಕಣ್ಣಿಗೆ ಹಿಡಿದು, ಒಬ್ಬರಿಗೊಬ್ಬರು "ಒತ್ರಾ ವೆಸ್" ಎಂದು ಕೂಗುವುದೇ ಆಟ ಮಾಡಿಕೊಂಡೆವು.

ಮೂರನೆಯ ಸಂಜೆ ಕೊನೆಯ ದೃಶ್ಯ. ಶ್ರೀಧರ ಹೇಳಿದ: "ಅಜ್ಜಿ, ನೀವು ಮಗುಚಿಟ್ಟ ದೋಣಿಯ ಮೇಲೆ ಕೂತು ಸಮುದ್ರ ನೋಡಬೇಕು. ಸೂರ್ಯ ಮುಳುಗುವಾಗ ಅವನಿನ್ನು ಬರುವುದಿಲ್ಲ ಅಂತ ನಿಮಗೆ ತಿಳಿಯುತ್ತದೆ. ಆಗ ಬಳೆಗಳನ್ನು ಒಂದೊಂದಾಗಿ ತೆಗೆದು ಮರಳಲ್ಲಿ ಇಡಬೇಕು."

ನಾನು ತಿರುಗಿ ಅಮ್ಮನನ್ನು ಹುಡುಕಿದೆ. ನಮ್ಮ ಸಾಲಿನ ಮನೆಗಳಲ್ಲಿ ಗಂಡಸರು ಬೋಟಿಗೆ ಹೋದಾಗ ಹೆಂಗಸರು ಕೈಯ ಬಳೆ ತೆಗೆಯುವುದಿಲ್ಲ, ಹಣೆಯ ಕುಂಕುಮ ಒರೆಸುವುದಿಲ್ಲ. ಒಂದು ಬಳೆ ಬಿರುಕು ಬಿಟ್ಟರೂ ಅವರು ದಡ ಸೇರುವವರೆಗೆ ಅದು ಕೈಯಲ್ಲೇ ಇರಬೇಕು. ಅಪ್ಪಯ್ಯ ಬೋಟು ಹತ್ತಿ ಒಂಬತ್ತು ದಿನವಾಗಿತ್ತು. ಬರಿಗೈಯ ಅಜ್ಜಿಗೆ ಈ ಕಟ್ಟಳೆ ನಲವತ್ತು ವರ್ಷದಿಂದ ಇರಲಿಲ್ಲ. ಈಗ ಅವಳ ಕೈಯಲ್ಲಿ ಬಳೆ ಇದೆ. ಹಾಕಿದವಳು ನಾನು.

ಅಮ್ಮ ಓಡಿ ಬಂದಳು. "ಅತ್ತೆ, ಅವ್ರ್ ಕಡಲಂಗಿದ್ರ್" ಎಂದಳು, ಅಷ್ಟೇ.

"ಗೊತ್ತಿತ್ತ್" ಎಂದಳು ಅಜ್ಜಿ. "ಅವ ನನ್ ಹೊಟ್ಟಿಯಂಗ್ ಹುಟ್ಟದ್."

ನಾನು ಶ್ರೀಧರನ ಅಂಗಿ ಜಗ್ಗಿ, ಬೇಡ ಎಂದು ಅವಳಿಗೆ ಹೇಳಿ ಎಂದು ಅಳತೊಡಗಿದೆ. ಅವನಿಗೆ ನನ್ನ ಮಾತು ಅರ್ಥವಾಗದೆ ಚಾಕಲೇಟು ಕೊಟ್ಟ. ಅಷ್ಟರಲ್ಲಿ ಮಾರ್ತಾ ಕೈ ಎತ್ತಿದ್ದಳು, ಎಲ್ಲರೂ ಸುಮ್ಮನಾಗಬೇಕು. ಅಜ್ಜಿಯ ರವಿಕೆಯೊಳಗೆ ಪುಟ್ಟ ಮೈಕು ಸಿಕ್ಕಿಸಿ ನಮ್ಮನ್ನೆಲ್ಲ ದೂರ ಕಳಿಸಿದರು. ಅಲೆಗಳ ಸದ್ದಿನಲ್ಲಿ ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ.

ಅಜ್ಜಿ ದೋಣಿಯ ಮೇಲೆ ಕೂತಳು. ಸೂರ್ಯ ನೀರಿಗೆ ತಾಗಿದ, ಅರ್ಧವಾದ. ಅಜ್ಜಿಯ ಬಲಗೈ ಎಡಗೈಯ ಬಳೆಗಳ ಮೇಲೆ ಬಂತು. ನಾನು ಕಣ್ಣು ಮುಚ್ಚಿಕೊಂಡು ಮೂಕಾಂಬಿಕೆಗೆ ಹರಕೆ ಹೇಳಿಕೊಂಡೆ. ಕಣ್ಣು ಬಿಟ್ಟಾಗ ಸೂರ್ಯ ಇರಲಿಲ್ಲ, ಬಳೆ ಇತ್ತು. ಹನ್ನೆರಡೂ ಇತ್ತು. ಅಜ್ಜಿ ಅವನ್ನು ಹಿಡಿದುಕೊಂಡು ಕೂತಿದ್ದಳು, ಅಷ್ಟೇ. ಶ್ರೀಧರ ತೆಗೆಯಿರಿ ಎಂದು ದೂರದಿಂದ ಸನ್ನೆ ಮಾಡಹೊರಟರೆ ಮಾರ್ತಾ ಅವನ ಕೈ ಹಿಡಿದು ನಿಲ್ಲಿಸಿದಳು. ಆಗ ಅಜ್ಜಿಯ ತುಟಿ ಅಲುಗಿದ್ದು ಕಂಡಿತು. ಮಾರ್ತಾ ಆ ಸಲ "ಒತ್ರಾ ವೆಸ್" ಅನ್ನಲಿಲ್ಲ. ಹೋಗಿ ಅಜ್ಜಿಯ ಪಕ್ಕ ಕೂತಳು.

ದಾರಿಯಲ್ಲಿ ಕೇಳಿದೆ, "ಎಂತ ಹೇಳದ್ ಅಜ್ಜಿ?"

"ಎಂತದೂ ಇಲ್ಲೆ. ಬಾ, ಗಂಜಿ ಉಂಬುಕೆ."

ಸಿನಿಮಾದವರು ಮರುದಿನ ಹೋದರು. ಬಳೆ ಹಾಗೆಯೇ ಉಳಿಯಿತು, ಊರವರೂ ಹೇಳುವುದೆಲ್ಲ ಹೇಳಿದರು. ಮೂರನೆಯ ದಿನ ಅಪ್ಪಯ್ಯ ಬಂದ, ಮೈಯೆಲ್ಲ ಉಪ್ಪು, ಡೀಸೆಲ್ ವಾಸನೆ. ಅಂಗಳದಲ್ಲಿ "ಅಬ್ಬಿ" ಎಂದವನು ತಾಯಿಯ ಕೈ ನೋಡಿ ನಿಂತ. ಬಂಗುಡೆಯ ಚೀಲ ಇಳಿಸಿ ಕಾಲು ತೊಳೆಯಲು ಹೋದ.

ಅಜ್ಜಿ ನನ್ನನ್ನು ಕರೆದಳು. ನಾನು ತಕ್ಷಣ ಓ ಎಂದೆ. "ಎಣ್ಣಿ ತಕಂಡ್ ಬಾ" ಎಂದಳು. ತೆಂಗಿನೆಣ್ಣೆ ಹಚ್ಚಿಕೊಂಡು ಒಂದೊಂದೇ ಬಳೆ ಜಾರಿಸಿ ನನ್ನ ಮಡಿಲಿಗೆ ಹಾಕಿದಳು. ಒಂದೂ ಒಡೆಯಲಿಲ್ಲ. ಕೊನೆಯದನ್ನು ತೆಗೆದು, "ನಿನ್ ಅಜ್ಜ ಹೋದಾಗ ಕಲ್ಲಿಗೆ ಹೊಡ್ದ್ ಒಡ್ದದ್ ಊರರ್. ಈಗ ತೆಗ್ದದ್ ನಾನ್" ಎಂದಳು. ನನಗೆ ಆಗ ಅಷ್ಟೇನೂ ತಿಳಿಯಲಿಲ್ಲ. ಅಪ್ಪಯ್ಯ ಬಂದ ಖುಷಿ, ಮೀನುಸಾರಿನ ಹಸಿವು.

ಈಗ ಅಜ್ಜಿ ಹೋಗಿ ಆರು ವರ್ಷ. ಮೀನು ಒಣಗಿಸುತ್ತಿದ್ದ ಮರಳಿನಲ್ಲಿ ಕಾರು ನಿಲ್ಲಿಸುತ್ತಾರೆ, ಐಸ್‌ಕ್ರೀಮು ಸಿಗುತ್ತದೆ. ನಾನು ಬ್ರಹ್ಮಾವರದ ಶಾಲೆಯೊಂದರಲ್ಲಿ ಟೀಚರು. ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ, ನನ್ನ ಮಗಳು ಕರೆದರೆ "ಏನು" ಅನ್ನುತ್ತಾಳೆ, ಓ ಅನ್ನುವುದಿಲ್ಲ. ಬೈಯುವುದನ್ನು ನಾನೂ ಬಿಟ್ಟಿದ್ದೇನೆ. ಅಕ್ಕಿ ಡಬ್ಬಿಯಲ್ಲಿಟ್ಟ ಬಳೆಗಳಲ್ಲಿ ಇಷ್ಟು ವರ್ಷ ಒಡೆಯದೆ ಉಳಿದದ್ದು ಏಳು.

ಕಳೆದ ತಿಂಗಳು ಶ್ರೀಧರ ಎಲ್ಲಿಂದಲೋ ನನ್ನ ನಂಬರು ಹುಡುಕಿ ಆ ಸಿನಿಮಾ ಕಳಿಸಿದ. ಭಾನುವಾರ ಕೋಡಿಗೆ ಹೋಗಿ, ಮೊಣಕಾಲು ಸೋತು ಬೋಟು ಬಿಟ್ಟು ಕೂತಿರುವ ಅಪ್ಪಯ್ಯನಿಗೆ ಮೊಬೈಲಿನಲ್ಲಿ ತೋರಿಸಿದೆ. ಗಡಿಯ ಬೇಲಿಯ ಹತ್ತಿರ ಮುಸುಕು ಹೊದ್ದ ಹೆಂಗಸರು, ಆಮೇಲೆ ನಮ್ಮ ಕಡಲು, ದೋಣಿ, ಅಜ್ಜಿ. ಎಲ್ಲ ಮಾತಿಗೂ ಕೆಳಗೆ ಅವರ ಭಾಷೆಯಲ್ಲಿ ಅಕ್ಷರ ಬರುತ್ತಿತ್ತು. ಅಜ್ಜಿಯ ತುಟಿ ಅಲುಗಿದಾಗ ಕೆಳಗೆ ಏನೂ ಬರಲಿಲ್ಲ. ಬರೆದುಕೊಡಲು ಶ್ರೀಧರನಿಗೆ ತಿಳಿದರೆ ತಾನೆ. ಆದರೆ ರವಿಕೆಯೊಳಗಿನ ಮೈಕು ಎಲ್ಲವನ್ನೂ ಹಿಡಿದಿತ್ತು.

"ಹ್ವಾಯ್... ಇನ್ನ್ ಎಷ್ಟ್ ಹೊತ್ತ್? ನಾ ಬಳಿ ಹಾಯ್ಕಂಡ್ ಕೂತಿದೆ."

ಅಪ್ಪಯ್ಯ ಮೊಬೈಲಿನ ಮೇಲೆ ಬಗ್ಗಿದ. "ಅಬ್ಬಿ ಅಪ್ಪಯ್ಯನ್ನ ಕರೂದ್ ನಾ ಈವರಿಗೆ ಕೇಂಡದ್ದೇ ಇಲ್ಲೆ" ಎಂದ. ಹೆಂಡತಿ ಗಂಡನನ್ನು ಕರೆಯುವ ಆ ಹ್ವಾಯ್, ನಮ್ಮ ಮನೆಯಲ್ಲಿ ಅವನು ಅಂಬೆಗಾಲಿಡುವಾಗಲೇ ನಿಂತುಹೋಗಿತ್ತು.

"ಇನ್ನೊಂದ್ ಸಲ ಹಾಕ್" ಎಂದ.

ಹಾಕಿದೆ. ಅಪ್ಪಯ್ಯ ಮೊಬೈಲನ್ನು ಕಿವಿಗೇ ಹಿಡಿದುಕೊಂಡ. ಅಲೆ ಸದ್ದು ಬಂತು, ಹ್ವಾಯ್ ಬಂತು. ಅಜ್ಜಿ ಇನ್ನೂ ಮಾತು ಮುಗಿಸಿರಲಿಲ್ಲ, ಅಪ್ಪಯ್ಯ ಮೆಲ್ಲಗೆ "ಓ" ಎಂದ.