ಗೋಣಿ ಸೊಪ್ಪು ಕಣ್ಣು ಬಿಡುವ ಹೊತ್ತು

ಒಂದು ಕಳೆ ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅದು ಹೂ ಬಿಡಲಿ ಎಂದು ಉಸಿರು ಬಿಗಿಹಿಡಿದು ನೀವು ಎಂದಾದರೂ ಕಾದಿದ್ದೀರಾ? ನಾನು ಕಾದಿದ್ದೇನೆ. ಮೊನ್ನೆ ಶನಿವಾರ, ಹೊಸನಗರದ ನಮ್ಮ ಹಿತ್ತಲಲ್ಲಿ, ಅತ್ತೆ-ಮಾವನ ಜತೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಅಷ್ಟು ಚಡಪಡಿಸಿರಲಿಲ್ಲ!

ಕಾರಣ ನನ್ನ ನಾದಿನಿ ಸಾವಿತ್ರಿ. ತೀರ್ಥಹಳ್ಳಿಗೆ ಕೊಟ್ಟ ಹುಡುಗಿ, ಈಗ ಚೊಚ್ಚಲ ಬಸುರಿ. ಆರೈಕೆಗೆಂದು ತವರಿಗೆ ಬಂದಿದ್ದಾಳೆ. ಬಂದಾಗಿನಿಂದ ಉಂಡದ್ದೊಂದೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಗಂಜಿ ವಾಪಸ್ಸು, ಚಿತ್ರಾನ್ನ ವಾಪಸ್ಸು. (ರೇಷನ್ ಗೋಧಿಯ ಚಪಾತಿಯ ಮಾತು ಬಿಡಿ, ಅದು ನಮ್ಮ ಹೊಟ್ಟೆಯಲ್ಲೇ ನಿಲ್ಲುವುದು ಕಷ್ಟ.) ಭಾನುವಾರ ಅವಳ ಗಂಡ ಬರುವವನಿದ್ದ. ಇಲ್ಲಿ ಊಟ ಸೇರದಿದ್ದರೆ ಕರೆದುಕೊಂಡೇ ಹೋಗುತ್ತೇನೆ ಎಂದು ಮೊದಲೇ ಹೇಳಿ ಕಳಿಸಿದ್ದ. ಬಸುರಿ ಮಗಳನ್ನು ಹಸಿದ ಹೊಟ್ಟೆಯಲ್ಲಿ ತವರಿನಿಂದ ಕಳಿಸುವುದೇ? ಅತ್ತೆಗೆ ಹಗಲೂ ರಾತ್ರಿ ಅದೇ ಚಿಂತೆ.

ಅಂಥದ್ದರಲ್ಲಿ ಶನಿವಾರ ಬೆಳಿಗ್ಗೆ ಸಾವಿತ್ರಿ ತಾನಾಗಿಯೇ ಬಾಯಿಬಿಟ್ಟಳು. ಗೋಣಿ ಸೊಪ್ಪಿನ ತಂಬುಳಿ ಬೇಕಂತೆ.

ಬಯಕೆ! ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನಾನು ಮೊರ ಹಿಡಿದು ಹಿತ್ತಲಿಗೆ ಓಡಿದೆ. ಮೊದಲ ಮಳೆ ಬಿದ್ದು ಹೋಗಿತ್ತು. ನೆಲಕ್ಕೆ ಅಂಟಿಕೊಂಡ ಕೆಂಪು ದಂಟು, ರಸ ತುಂಬಿದ ದಪ್ಪ ಎಲೆ, ಎಲ್ಲಿ ನೋಡಿದರೂ ಗೋಣಿಯೇ ಗೋಣಿ. ಕ್ಷಣದಲ್ಲಿ ಮೊರ ತುಂಬಿತು. ಬೇರು ಕತ್ತರಿಸಿ, ಚೆನ್ನಾಗಿ ತೊಳೆದು ಅತ್ತೆಯ ಮುಂದಿಟ್ಟೆ. ಸೊಸೆ ಎಂದರೆ ಹೀಗಿರಬೇಕು ಎನ್ನುತ್ತಾರೆ ಎಂದುಕೊಂಡಿದ್ದೆ.

ಅತ್ತೆ ಒಂದು ದಂಟು ಚಿವುಟಿದರು. ಬಿಳಿ ಹಾಲು ಜಿನುಗಿತು. ಹಾಲು ಬಂದರೆ ಅದು ಗೋಣಿಯಲ್ಲ, ತಿಂದರೆ ಬಾಯಿ ಗಂಟಲು ಉರಿದುಹೋಗುತ್ತದೆ. ಅದು ಆಚೆ ಬಿತ್ತು. ಇನ್ನೊಂದು ಚಿವುಟಿದರು, ಬರೀ ನೀರು. ಮತ್ತೊಂದರಲ್ಲೂ ನೀರು. ಸರಿ, ಮುಗಿಯಿತಲ್ಲ? ಇಲ್ಲ. ಹಾಲಿಲ್ಲದ್ದರಲ್ಲೂ ಎರಡು ಜಾತಿಯಂತೆ! ಒಂದು ಗೋಣಿ. ಇನ್ನೊಂದನ್ನು ನಮ್ಮ ಮನೆಯಲ್ಲಿ ಕಳ್ಳಗೋಣಿ ಎನ್ನುತ್ತಾರೆ. ಎಳೆಯದಿದ್ದಾಗ ಎರಡೂ ಅವಳಿ ಮಕ್ಕಳ ಹಾಗೆ, ಗುರುತು ಸಿಗುವುದಿಲ್ಲ.

ನನ್ನ ತವರು ಸಾಗರದ ಕಡೆ ಎರಡನ್ನೂ ಸೇರಿಸಿಯೇ ಪಲ್ಯ ಮಾಡುತ್ತೇವೆ, ಯಾರಿಗೂ ಏನೂ ಆಗಿಲ್ಲ ಎಂದೆ.

"ನಿಂಗೆ ನಂಗೆ ಏನೂ ಆಗಲ್ಲ ಮಾರಾಯ್ತಿ. ಬಸ್ರೀಗೆ ಅದು ಕೂಡದು," ಎಂದರು ಅತ್ತೆ. "ಹೂ ನೋಡ್ದೆ ನಾನು ಒಲೆ ಹಚ್ಚಲ್ಲ."

ತೊಳೆದ ಸೊಪ್ಪಿನಲ್ಲಿ ಹೂವು ಎಲ್ಲಿಂದ ಬರಬೇಕು? ಮೊರದಲ್ಲಿದ್ದದ್ದೆಲ್ಲ ಗೊಬ್ಬರದ ಗುಂಡಿಗೆ ಹೋಯಿತು. ಗೋಣಿಯದು ಹಳದಿ ಹೂ, ಕಳ್ಳಗೋಣಿಯದು ನಸುಗೆಂಪು. ಆದರೆ ಈ ಹಳದಿ ಹೂವಿಗೆ ಸರ್ಕಾರಿ ಆಫೀಸಿನ ಗತ್ತು. ಬಿಸಿಲು ಚುರುಕಾಗಿ ಹತ್ತು ಗಂಟೆಯಾಗದೆ ತೆರೆಯುವುದಿಲ್ಲ, ಮಧ್ಯಾಹ್ನವಾದರೆ ಬಂದ್!

ನಾನೂ ಅತ್ತೆಯೂ ಹಿತ್ತಲಿಗೆ ಹೋಗಿ ಮೊಗ್ಗುಗಳ ಮುಂದೆ ಕೂತೆವು. ಹತ್ತಾಯಿತು. ಆಕಾಶದ ತುಂಬ ಮೋಡ. ಒಳಗಿಂದ ಸಾವಿತ್ರಿ ಆಯಿತಾ ಆಯಿತಾ ಎಂದು ಕೇಳುತ್ತಲೇ ಇದ್ದಾಳೆ. ಬಯಕೆಯ ಹಸಿವು ಎಷ್ಟು ಹೊತ್ತು ಕಾಯುತ್ತದೆ? ಮಾವನೂ ಟ್ರಾನ್ಸಿಸ್ಟರ್ ಹಿಡಿದೇ ಬಂದು ನಮ್ಮ ಜತೆ ಬಗ್ಗಿದರು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು.

"ನಿಮ್ಮ ನೆರಳು ಬೀಳ್ತದೆ, ಆಚೆ ಸರೀರಿ," ಎಂದು ಅತ್ತೆ ಗದರಿದರು. ಮಾವ (ಮನೆಯಲ್ಲಿ ಯಾರ ಮಾತಿಗೂ ಜಗ್ಗದವರು) ತೆಪ್ಪಗೆ ಹಿಂದೆ ಸರಿದರು.

ಒಂದು ಮೊಗ್ಗು ಮೆಲ್ಲಗೆ ಕಣ್ಣು ಬಿಟ್ಟಿತು. ಹಳದಿ! ಅದರ ಮಗ್ಗುಲಲ್ಲೇ ಇನ್ನೊಂದು ಗಿಡ, ಅಂಥದೇ ದಂಟು, ಅಂಥದೇ ಎಲೆ, ಹೂವು ಮಾತ್ರ ನಸುಗೆಂಪು. ಬೆಳಿಗ್ಗೆ ಎರಡನ್ನೂ ಒಂದೇ ಮುಷ್ಟಿಯಲ್ಲಿ ಕಿತ್ತಿದ್ದೆನಲ್ಲ! ಹಳದಿ ಕಂಡ ಕಂಡಲ್ಲಿ ಕೈಹಾಕಿದೆವು. ಇಲ್ಲೊಂದು, ಅಲ್ಲೊಂದು ಎಂದು ಮಾವ ಬೆರಳು ತೋರಿಸುತ್ತಿದ್ದರು. ಟ್ರಾನ್ಸಿಸ್ಟರಿನಲ್ಲಿ ವಾರ್ತೆ ತನ್ನ ಪಾಡಿಗೆ ನಡೆದಿತ್ತು, ಕೇಳುವವರು ಯಾರು?

ಸೊಪ್ಪನ್ನು ಬಾಡಿಸಿ, ಕಾಯಿ, ಜೀರಿಗೆ, ಕಾಳುಮೆಣಸಿನ ಜತೆ ರುಬ್ಬಿ, ಮಜ್ಜಿಗೆ ಬೆರೆಸಿದ್ದಾಯಿತು. ಸಾವಿತ್ರಿ ಅನ್ನಕ್ಕೆ ಕಲಸಿ ಉಂಡಳು. ಮತ್ತೆ ಹಾಕಿಸಿಕೊಂಡಳು. ನಾವು ಬಾಗಿಲಲ್ಲಿ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದೆವು. ವಾಪಸ್ಸು ಬರಲಿಲ್ಲ. ಸಂಜೆಯಾದರೂ ಬರಲಿಲ್ಲ! ಅತ್ತೆಗೆ ಕಣ್ಣಲ್ಲಿ ನೀರೇ ಬಂತು. ನನಗೂ ಕುಣಿದಾಡುವಷ್ಟು ಖುಷಿ.

ಭಾನುವಾರ ಬಂದ ಅಳಿಯ, ಹೆಂಡತಿಯ ಮುಖ ನೋಡಿಯೇ ಒಬ್ಬನೇ ಹಿಂತಿರುಗಲು ಒಪ್ಪಿದ. ಬಸ್ಸಿಗೆ ಹೊರಡುವಾಗ, ಅಂತೂ ಊಟ ಸೇರಿದ್ದು ಹೇಗೆ ಎಂದು ಕೇಳಿದ. ಅತ್ತೆ ಪಕ್ಕದಲ್ಲೇ ಸೆರಗು ಸರಿಮಾಡಿಕೊಂಡು ನಿಂತಿದ್ದರು.

ಸಾವಿತ್ರಿಯ ಮುಖ ಅರಳಿತು. "ಅಮ್ಮ ಮಾಡಿದ್ ತಂಬ್ಳಿ ಥೇಟ್ ನಿಮ್ಮಮ್ಮ ಮಾಡ್ದಂಗೇ ಇತ್ರೀ."

ಅತ್ತೆ ತಿರುಗಿ ನನ್ನ ಮುಖ ನೋಡಿದರು. ಹೊಗಳಿಕೆ ಯಾವುದು, ಚುಚ್ಚುಮಾತು ಯಾವುದು ಎಂದು ಬೇರೆ ಮಾಡಲು ಎಷ್ಟು ಗಂಟೆಯ ಬಿಸಿಲಿಗೆ ಕಾಯಬೇಕು, ನೀವೇ ಹೇಳಿ?