ಏಳು ಎನ್ನದ ಅವ್ವನ ಸೇರು

ಅದು ೧೯೯೮ರ ಮುಂಗಾರು. ನಾವಾಗ ಚಳ್ಳಕೆರೆಯಲ್ಲಿದ್ದೆವು. ಯಜಮಾನರು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು, ಪರಶುರಾಂಪುರದ ಹತ್ತಿರ ಸ್ವಲ್ಪ ಹೊಲವೂ ಇತ್ತು. ಬಿತ್ತನೆಗೆ ಮುಂಚೆ ಶೇಂಗಾ ಕಾಯಿಯನ್ನು ಮನೆಗೆ ತಂದು, ಬೀಜ ಹೋಳಾಗದ ಹಾಗೆ ಕೈಯಲ್ಲೇ ಸುಲಿಯುತ್ತಿದ್ದೆವು. ಅದಕ್ಕೆಂದೇ ಮೊಳಕಾಲ್ಮೂರು ಕಡೆಯ ತವರಿನಿಂದ ನಮ್ಮವ್ವ ಪ್ರತಿವರ್ಷ ಬರುತ್ತಿದ್ದಳು. ತವರಿನಲ್ಲಿ ಮನೆಮಾತು ತೆಲುಗು. ನಮ್ಮನೆಗೆ ಬಂದರೆ ಮೊಮ್ಮಗಳಿಗಾಗಿ ಅವಳದು ಕನ್ನಡ. ಆದರೂ ಅವಳ ಬಾಯಲ್ಲಿ ಕೇಳಿ ಕೇಳಿ ಮಗುವಿಗೂ ತೆಲುಗಿನ ಎಣಿಕೆ ಬರುತ್ತಿತ್ತು.

ಆ ವರ್ಷ ನನಗೆ ಮಗಳು ಸುಮಾಳದೇ ಚಿಂತೆ. ಮಾತು ಬಂದಾಗಿನಿಂದ ‘ಯಾಕೆ’ ಎನ್ನುವುದೇ ಅವಳ ಕಸುಬು. ರೊಟ್ಟಿ ಯಾಕೆ ಉಬ್ಬುತ್ತದೆ, ಕುರಿ ಯಾಕೆ ತಲೆ ತಗ್ಗಿಸಿಕೊಂಡೇ ಹೋಗುತ್ತದೆ ಎಂದು ನನ್ನ ಸೆರಗು ಹಿಡಿದು ತಿರುಗುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಹೋದ ಹೊಸತರಲ್ಲೇ ಆ ಬಾಯಿ ಬಂದ್ ಆಯಿತು. ಏಳರ ಮಗ್ಗಿ ಹೇಳುತ್ತಾ ನಡುವೆ ತಡವರಿಸಿದಳಂತೆ, ಕ್ಲಾಸೆಲ್ಲ ನಕ್ಕಿತಂತೆ. ಹುಡುಗರು ‘ಏಳು-ಬೀಳು ಸುಮಾ’ ಎಂದು ಹೆಸರಿಟ್ಟರು. ಸೋಮವಾರ ಮತ್ತೆ ಕೇಳುತ್ತೇನೆ ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

“ನಾನಿನ್ನು ಇಸ್ಕೂಲಿಗೆ ಹೋಗಲ್ಲಮ್ಮ. ನಿನ್ ಜೊತೆ ಶೇಂಗಾ ಸುಲೀತೀನಿ” ಎಂದು ಕೂತುಬಿಟ್ಟಳು.

ಆರರ ಮಗ್ಗಿಯನ್ನು ನಿದ್ದೆಗಣ್ಣಲ್ಲೂ ಹೇಳುವವಳು, ‘ಏಳೊಂದ್ಲ ಏಳು’ ಎಂದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಿದ್ದಳು. ನಾನು ಪಾತ್ರೆ ತಿಕ್ಕುತ್ತಾ ಹೇಳಿಸಿದೆ, ತಲೆ ಬಾಚುತ್ತಾ ಹೇಳಿಸಿದೆ, ಬೆಲ್ಲದ ಆಸೆ ತೋರಿಸಿದೆ. ಯಜಮಾನರಂತೂ, “ಬಿಡೇ, ಏಳು ಬರದಿದ್ರೆ ಎಂಟು ಕಲೀತಾಳೆ” ಎಂದು ನಕ್ಕು ಮಿಲ್ಲಿಗೆ ಹೊರಟರು. ನನಗೆ ಮಗ್ಗಿಗಿಂತ ಹೆಚ್ಚಾಗಿ ಆ ‘ಯಾಕೆ’ ನಿಂತು ಹೋದದ್ದೇ ಸಂಕಟ. ಮನೆ ಬಿಕೋ ಎನ್ನುತ್ತಿತ್ತು.

ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಸುಲಿದ ಬೀಜದ ರಾಶಿ ಬಿದ್ದಿತ್ತು. ಸುಮಾ ಗೋಣಿಚೀಲದ ಬಾಯಿ ಹಿಡಿದು ನಿಂತಿದ್ದಳು. ಅವ್ವ ಸೇರಿನಲ್ಲಿ ಅಳೆದು ಸುರಿಯುತ್ತಿದ್ದಳು. ಅಳೆಯುವಾಗ ಅವಳ ಬಾಯಿಗೆ ತೆಲುಗೇ ಬರುವುದು. “ಲಾಭಮು... ರೆಂಡು... ಮೂಡು... ನಾಲುಗು... ಐದು... ಆರು... ಆರುನ್ನೊಕ್ಕಟಿ... ಎನಿಮಿದಿ...”

ಸುಮಾ ಚೀಲದ ಬಾಯಿ ಬಿಟ್ಟಳು. ಅರ್ಧ ಸೇರು ಬೀಜ ನೆಲದ ಪಾಲು.

“ತಡಿ ಅಜ್ಜಿ! ಏಳಕ್ಕೆ ಏಡು ಅಲ್ವಾ, ಅದೆಲ್ಲಿ ಹೋತು? ಯಾಕೆ ಬಿಟ್ಟೆ?”

ನನ್ನ ಕೈ ಮೊರದ ಮೇಲೇ ನಿಂತಿತು. ಎಷ್ಟು ದಿನದ ಮೇಲೆ ಬಂದ ‘ಯಾಕೆ’ ಅದು!

“ಏಡು ಅನ್ನಬಾರ್ದು ಕಣೇ. ನಮ್ಮ ತೆಲುಗಿನಾಗೆ ಏಡು ಅಂದ್ರೆ ಅಳು ಅಂತಾನೂ ಆಗ್ತೈತೆ. ಬಿತ್ತೋ ಬೀಜದ ಮುಂದೆ ಕುಂತು ಯಾರಾದ್ರೂ ಅಳು ಅಳು ಅಂತಾರಾ? ಅದ್ಕೇ ಆರುನ್ನೊಕ್ಕಟಿ. ಆರು, ಮ್ಯಾಲೊಂದು.”

“ನಂಗೂ ಏಳು ಅಂದ್ರೆ ಅಳು ಬರ್ತೈತಜ್ಜಿ!”

“ಅಂಗಾರೆ ನೀನೂ ಅನ್ಬ್ಯಾಡ ಬಿಡು. ಆರು ಅನ್ನು, ಮ್ಯಾಲೊಂದು ಹಾಕು.”

ಅವ್ವ ತಮಾಷೆಗೆ ಅಂದಳು. ಸುಮಾ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ಚೆಲ್ಲಿದ ಬೀಜದ ಮುಂದೆ ಕೂತು ಸಾಲು ಜೋಡಿಸತೊಡಗಿದಳು. ನಾಲ್ಕು ನಾಲ್ಕು ಬೀಜದ ಆರು ಸಾಲು, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಚೀರಿದಳು. “ಅಮ್ಮ! ಆರ್ನಾಲ್ಕ್ಲ ಇಪ್ಪತ್ನಾಲ್ಕು, ಮ್ಯಾಲೊಂದು ನಾಲ್ಕು, ಇಪ್ಪತ್ತೆಂಟು! ಏಳ್ನಾಲ್ಕು ಬಂತು!”

ಸಂಜೆವರೆಗೂ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. “ಬಿತ್ತನೆ ಬೀಜ ಕಣೇ, ತುಳೀಬ್ಯಾಡ” ಎಂದು ಅವ್ವ ಕೂಗುತ್ತಲೇ ಇದ್ದಳು. ನಾನು ಹುಟ್ಟಿದಾಗಿನಿಂದ ‘ಆರುನ್ನೊಕ್ಕಟಿ’ ಕೇಳಿಕೊಂಡೇ ಬೆಳೆದವಳು. ಯಾಕೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಸೋಮವಾರ, “ಅಜ್ಜಿ ಬಂದ್ರೇ ನಾನು ಹೋಗೋದು” ಎಂದು ಹಟ ಹಿಡಿದಳು. ಸರಿ ಎಂದು ನಾವಿಬ್ಬರೂ ಹೋಗಿ ಕ್ಲಾಸಿನ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಸುಮಾಳ ಸರದಿ ಬಂತು. ಏಳೈದ್ಲ, ಏಳಾರ್ಲ, ಏಳೇಳ್ಲ ದಾಟಿತು. ಏಳೆಂಟಕ್ಕೆ ಬಂದು ನಿಂತಳು. ಹಿಂದಿನ ಸಾಲಿನಿಂದ “ಬೀಳು ಬೀಳು” ಎಂದು ಪಿಸುಮಾತು ಕೇಳಿಸಿತು. ಅವ್ವ ನನ್ನ ರಟ್ಟೆ ಹಿಡಿದು, “ಏನೇ, ಮೇಷ್ಟ್ರು ಹೊಡೀತಾರೇನೇ?” ಎಂದಳು.

ಸುಮಾ ಕಣ್ಣು ಮುಚ್ಚಿ ಜೋರಾಗಿಯೇ ಹೇಳಿದಳು: “ಆರೆಂಟ್ಲ ನಲವತ್ತೆಂಟು, ಮ್ಯಾಲೊಂದೆಂಟು... ಏಳೆಂಟ್ಲ ಐವತ್ತಾರು!”

ಮೇಷ್ಟ್ರು ಕುರ್ಚಿಯಿಂದ ಎದ್ದರು. “ಭಲೇ! ಎಲ್ಲಿಂದ ತಂದ್ಯೇ ಇದನ್ನ?”

“ನಮ್ಮಜ್ಜಿ ಸೇರಿನಿಂದ ಸಾ.”

ಕ್ಲಾಸೆಲ್ಲ ಮತ್ತೆ ನಕ್ಕಿತು. ಈ ಸಲ ಸುಮಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವ್ವ ಮಾತ್ರ ಏನೂ ಅರ್ಥವಾಗದೆ, “ನನ್ನ ಸೇರು ಏನು ಮಾಡಿತೇ?” ಎಂದು ತಲೆ ಮೇಲೆ ಸೆರಗು ಎಳೆದುಕೊಂಡಳು.

ಸಂಜೆ ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ಪ್ರಶ್ನೆಗಳೇ. ಒಂದು ಅನ್ನದೆ ಲಾಭ ಅಂತ ಯಾಕೆ ಶುರು ಮಾಡ್ತೀಯಾ, ನಷ್ಟ ಎಲ್ಲಿ ಬರ್ತೈತೆ... ಮನೆ ಹತ್ತಿರ ಬಂದಾಗ ತಟ್ಟನೆ ನಿಂತಳು. “ಅಜ್ಜಿ, ಕನ್ನಡದಾಗೆ ಏಳು ಅಂದ್ರೆ ಎದ್ದೇಳ್ಬೇಕು. ತೆಲುಗಿನಾಗೆ ಏಡು ಅಂದ್ರೆ ಅಳ್ಬೇಕು. ಇಂಗ್ಲಿಷ್‌ನಾಗೆ ಸೆವೆನ್ ಅಂದ್ರೆ ಏನು ಮಾಡ್ಬೇಕು?”

ಅವ್ವ ಗಂಭೀರವಾಗಿ ಯೋಚಿಸಿ, “ನಂಗೊತ್ತಿಲ್ಲ ಕಣಮ್ಮ. ನೀನೇ ಓದಿ ಬಂದು ನಂಗೆ ಹೇಳು” ಎಂದಳು. ಸುಮಾ ಚೀಲ ಬೀಸುತ್ತಾ ಮುಂದೆ ಓಡಿದಳು.

ಅವ್ವ ಈಗಿಲ್ಲ. ಅವಳ ಸೇರು ನನ್ನ ಅಕ್ಕಿ ಡಬ್ಬದಲ್ಲಿದೆ. ಅವತ್ತಿನಿಂದ ಯಾವ ಮಗು ಬಂದು ‘ಯಾಕೆ’ ಎಂದರೂ ನಾನು ಒಲೆ ಸಣ್ಣ ಮಾಡಿ ಕೂರುತ್ತೇನೆ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ, “ನೀನೇ ಓದಿ ಬಂದು ನಂಗೆ ಹೇಳು” ಎನ್ನುತ್ತೇನೆ. ಅವ್ವ ಅಂದ ಹಾಗೆಯೇ.