ಚೌತಿಯ ಸಂಜೆ ಮಂಗಳ ತೋರಿಸಲು ಹೋದದ್ದು

ನನಗೆ ಸಿಟ್ಟು ಬರುವ ತಿಂಗಳು ಆಗಸ್ಟ್. ಮಂದಿಗೆ ಆ ತಿಂಗಳಲ್ಲಿ ಶ್ರಾವಣ ಇರುತ್ತದೆ, ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕೆಲಸ ಇರುತ್ತದೆ. ನನಗೆ ಫೋನಿನಲ್ಲಿ ಒಂದು ಮೆಸೇಜು ಬರುವುದಿರುತ್ತದೆ. ‘ಆಗಸ್ಟ್ ಇಪ್ಪತ್ತೇಳರಂದು ಮಂಗಳ ಗ್ರಹ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣಲಿದೆ. ಆಕಾಶದಲ್ಲಿ ಎರಡು ಚಂದ್ರರು! ಈಗ ಬದುಕಿರುವ ಯಾರೂ ಇದನ್ನು ಮತ್ತೊಮ್ಮೆ ನೋಡಲಾರರು. ಎಲ್ಲರಿಗೂ ಕಳಿಸಿ.’ ಯಾರೂ ಮತ್ತೊಮ್ಮೆ ನೋಡಲಾರದ ಈ ಸಂಗತಿಯನ್ನು ಅದೇ ಮಂದಿ ಅದೇ ಮಂದಿಗೆ ವರ್ಷವರ್ಷವೂ ಕಳಿಸುತ್ತಾರೆ. ನರಗುಂದದ ನನ್ನ ಷಡ್ಡಕ ಕಳಿಸುತ್ತಾನೆ, ರೋಣದ ಕಿರಾಣಿ ಅಂಗಡಿಯವರು ಕಳಿಸುತ್ತಾರೆ, ನನ್ನ ಕೈಯಲ್ಲೇ ಕಲಿತು ಈಗ ತಾನೂ ವಿಜ್ಞಾನ ಕಲಿಸುತ್ತಿರುವ ಮಹಾಶಯನೂ ಕಳಿಸುತ್ತಾನೆ. ಕೆಳಗೆ ಕೈಮುಗಿದ ಚಿತ್ರ ಬೇರೆ.

ನಾನು ರೋಣದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಸುಮ್ಮನಿರುವ ಜಾಯಮಾನ ಅಲ್ಲ. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯುತ್ತೇನೆ. ಸುಳ್ಳಿಗೂ ಒಂದು ತವರುಮನೆ ಇರುತ್ತದೆ, ಇದರದ್ದೂ ಇದೆ. ಇಪ್ಪತ್ತು ವರ್ಷದ ಹಿಂದಿನ ಒಂದು ಆಗಸ್ಟಿನಲ್ಲಿ ಮಂಗಳ ನಿಜಕ್ಕೂ ಭೂಮಿಗೆ ಬಹಳ ಹತ್ತಿರ ಬಂದಿತ್ತು. ದುರ್ಬೀನಿನಲ್ಲಿ ಎಪ್ಪತ್ತೈದು ಪಟ್ಟು ಹಿಗ್ಗಿಸಿ ನೋಡಿದರೆ, ಬರಿಗಣ್ಣಿಗೆ ಚಂದ್ರ ಕಾಣುವಷ್ಟು ದೊಡ್ಡದಾಗಿ ಅದು ಕಾಣುತ್ತದೆ ಎಂದು ಯಾರೋ ಬರೆದರು. ಅದು ಖರೆ. ಮುಂದೆ ಯಾರೋ ಪುಣ್ಯಾತ್ಮರು ದುರ್ಬೀನು ಕೈಬಿಟ್ಟರು, ಇನ್ಯಾರೋ ಇಸವಿ ಕೈಬಿಟ್ಟರು, ಉಳಿದದ್ದು ಊರೂರು ತಿರುಗುತ್ತಿದೆ. ಮಂಗಳ ಅಷ್ಟು ದೊಡ್ಡದಾಗಿ ಕಾಣಬೇಕಾದರೆ ಚಂದ್ರನಿಗಿಂತ ಎರಡು ಪಟ್ಟು ದೂರದಲ್ಲಿ, ಅಂದರೆ ನಮ್ಮ ಹೊಸ್ತಿಲಿಗೇ ಬಂದು ನಿಲ್ಲಬೇಕು. ಹಾಗೆ ಬಂದರೆ ಫಾರ್ವರ್ಡ್ ಮಾಡಲು ನಾವೂ ಇರುವುದಿಲ್ಲ, ಫೋನೂ ಇರುವುದಿಲ್ಲ. ಇಷ್ಟೆಲ್ಲ ಬರೆದರೆ ‘ಭಾಳ ಚಲೋ ಮಾಹಿತಿರಿ ಸರ’ ಎಂಬ ಉತ್ತರ ಬರುತ್ತದೆ. ಮರುವರ್ಷ ಅವರಿಂದಲೇ ಮೆಸೇಜೂ ಬರುತ್ತದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ.

ಹೋದ ವರ್ಷ ಮಾತ್ರ ನನಗೆ ಬರೀ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು.

ನನ್ನ ತಂಗಿಯನ್ನು ಗಜೇಂದ್ರಗಡಕ್ಕೆ ಕೊಟ್ಟಿದೆ, ನೇಕಾರರ ಮನೆ. ಅವಳಿಗೆ ಒಬ್ಬಳೇ ಮಗಳು. ಹೈಸ್ಕೂಲಿನ ಮೂರು ವರ್ಷ ನಮ್ಮ ಮನೆಯಲ್ಲಿದ್ದು, ನನ್ನ ಕ್ಲಾಸಿನಲ್ಲೇ ಓದಿ, ಈಗ ಗಜೇಂದ್ರಗಡದ ಒಂದು ಖಾಸಗಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಇಪ್ಪತ್ತೆಂಟು ವಯಸ್ಸು. ಜಾತಕದಲ್ಲಿ ಮಂಗಳ ಇದೆ ಎಂದು ಎರಡು ಸಂಬಂಧ ಮುರಿದಿದ್ದವು. ಮೂರನೆಯದು ಬೆಳವಣಕಿಯ ಒಕ್ಕಲುತನದ ಮನೆಯದು. ಅವರ ಜೋಯಿಸರು, ಮಂಗಳ ಇದೆ ಆದರೆ ನಡೆಯುತ್ತದೆ ಅಂದಿದ್ದರು. ಹುಡುಗನಂತೂ ಮೆಚ್ಚಿಯಾಗಿತ್ತು. ಸಕ್ಕರೆ ರೋಗದ ಸುಳಿವೂ ಇಲ್ಲದ ಆ ಗಟ್ಟಿ ಆಳು ರೋಣದ ಲ್ಯಾಬುಗಳನ್ನೆಲ್ಲ ದಾಟಿ ಗಜೇಂದ್ರಗಡಕ್ಕೇ ಹೋಗಿ ಮೂರು ಸಲ ರಕ್ತ ಕೊಟ್ಟು ಬಂದಿದ್ದ. ಆಕೆಯೂ ಮೂರೂ ಸಲ ತಾನೇ ಸೂಜಿ ಚುಚ್ಚಿದ್ದಳು. ಗಣಪತಿ ಹಬ್ಬ ಮುಗಿದು ಬರುವ ಸೋಮವಾರ ನಿಶ್ಚಯ ಎಂದಾಗಿತ್ತು.

ಹಬ್ಬಕ್ಕೆ ವಾರ ಇರುವಾಗ ಹುಡುಗನ ತಂದೆ ನನಗೆ ಫೋನು ಮಾಡಿದರು. ಊರಿನಲ್ಲಿ ಅವರಿಗೆ ಎದುರಾಡುವವರಿಲ್ಲ, ಎಲ್ಲರೂ ಗೌಡರೇ ಅನ್ನುತ್ತಾರೆ. ಮನುಷ್ಯ ಮೆತ್ತಗೆ ಮಾತಾಡುತ್ತಾರೆ.

“ಸರ, ಇಪ್ಪತ್ತೇಳಕ್ಕ ಮಂಗಳ ಚಂದ್ರನಷ್ಟ ಆಗತೈತಂತಲ್ರಿ. ಸಣ್ಣದಿತ್ತು, ನಡೀತೈತಿ ಅಂದಿದ್ವಿ. ಅಷ್ಟ ದೊಡ್ಡದಾದ್ರ ಹ್ಯಾಂಗ್ರಿ? ದೀಪಾವಳಿ ಆಗ್ಲಿ, ನೋಡೂಣ್ರಿ.”

ನಮ್ಮ ಕಡೆ ‘ನೋಡೂಣ್ರಿ’ ಅಂದರೆ ಇಲ್ಲ ಅಂತಲೇ ಅರ್ಥ. ಇಲ್ಲ ಅನ್ನುವುದು ಮರ್ಯಾದೆಯಲ್ಲವೆಂದು ಹಾಗೆ ಅನ್ನುತ್ತಾರೆ. ತಂಗಿ ಫೋನಿನಲ್ಲಿ ಅತ್ತಳು. ಮಗಳು ಅಳಲಿಲ್ಲ, ಎರಡು ದಿನ ಯಾರ ಜೋಡಿಯೂ ಮಾತಾಡಲಿಲ್ಲವಂತೆ. ಅಲ್ಲ, ಮಗಳಂಥ ಹುಡುಗಿಯ ಬಾಳುವೆಯನ್ನು ಒಂದು ಫಾರ್ವರ್ಡು ಮುರಿಯಬೇಕೆ? ಮನೆಯಲ್ಲಿ ಓಡಾಡುತ್ತ ಬೈದೆ. ಬೆಳವಣಕಿಯ ಆ ಮನೆಯ ಯಜಮಾನರಿಗೆ ಒಂದು, ಜೋಯಿಸರಿಗೆ ಒಂದು, ಫೋನು ಕಂಡುಹಿಡಿದವನಿಗೆ ಎರಡು. ಬೈಗುಳು ಸಾಲುಸಾಲಾಗಿ ತಯಾರಾದವು. ಆಮೇಲೆ ಫೋನು ಮಾಡಿ ಬಹಳ ನಯವಾಗಿ, “ಅವತ್ತ ನಾನ ಬಂದ ತೋರಿಸ್ತೀನ್ರಿ, ಸಣ್ಣದ ಇದ್ರ ಸೋಮವಾರ ಬರ್ರಿ,” ಅಂದೆ. ಅವರು ಒಪ್ಪಿದರು. ಗೆದ್ದೆ ಅಂದುಕೊಂಡು ಮೀಸೆ ತಿರುವಿದೆ.

ಆಗ ಅಡುಗೆಮನೆಯಿಂದ ನನ್ನ ಹೆಂಡತಿ, “ಅವತ್ತ ಚೌತಿ ಐತಲ್ರಿ. ಯಾರ ಮಾರಿ ಮ್ಯಾಲೆತ್ತತಾರ?” ಅಂದಳು.

ಗ್ರಹಗಳ ದಾರಿ ಬಾಯಿಪಾಠ ಇದ್ದವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿರಲಿಲ್ಲ. ಚೌತಿಯ ಚಂದ್ರನನ್ನು ನೋಡಿದವರ ಮೇಲೆ ಸುಳ್ಳು ಅಪವಾದ ಬರುತ್ತದೆ ಎಂದು ಅವತ್ತು ಸಂಜೆ ಊರಿಗೆ ಊರೇ ಕತ್ತು ಬಗ್ಗಿಸಿ ನಡೆಯುತ್ತದೆ. ಅದರ ಮೇಲೆ ಮಂಗಳ ಅವತ್ತು ಇದ್ದದ್ದು ಪಶ್ಚಿಮದಲ್ಲಿ, ಚೌತಿಯ ಚಂದ್ರನಿಂದ ಒಂದು ಮುಷ್ಟಿ ಕೆಳಗೆ. ಎರಡು ಚಂದ್ರ ಕಾಣುತ್ತವೆ ಎಂಬ ಸುಳ್ಳನ್ನು ಅಲ್ಲಗಳೆಯಲು ಇರುವ ಒಂದೇ ಚಂದ್ರನನ್ನೂ ನೋಡುವಂತಿರಲಿಲ್ಲ.

ಅವತ್ತು ಸಂಜೆ ದುರ್ಬೀನು ಹೊತ್ತುಕೊಂಡು ಬೆಳವಣಕಿಗೆ ಹೋದೆ. ಇಡೀ ಮನೆ ಕಿಟಕಿ ಮುಚ್ಚಿಕೊಂಡು ಕೂತಿತ್ತು. ಕಡುಬು ತಿನ್ನಿಸಿದರು. ಹುಡುಗ ಮೂಲೆಯಲ್ಲಿ ನಿಂತು ನನ್ನನ್ನು ದೇವರನ್ನು ನೋಡಿದ ಹಾಗೆ ನೋಡುತ್ತಿದ್ದ. ಯಜಮಾನರು ಮಾತ್ರ ಕೊಟ್ಟ ಮಾತಿಗೆ ತಪ್ಪಲಿಲ್ಲ. “ಚಂದ್ರ ಕಾಣದಂಗ ಮಂಗಳ ತೋರಿಸ್ರಿ ಸರ,” ಅಂದರು. ನಾನು ಯೋಚಿಸಿ, ರೊಟ್ಟಿ ಹಿಟ್ಟು ನಾದುವ ದೊಡ್ಡ ಪರಾತ ಕೇಳಿ ತಗೊಂಡೆ.

ಮಾಳಿಗೆಯ ಮೇಲೆ ಕಂಡ ದೃಶ್ಯವನ್ನು ನನ್ನ ಹಳೆಯ ವಿದ್ಯಾರ್ಥಿಗಳು ನೋಡಲಿಲ್ಲವಲ್ಲ, ಅದೇ ಪುಣ್ಯ. ಅವರ ವಿಜ್ಞಾನದ ಮೇಷ್ಟರು ಎರಡೂ ಕೈಯಿಂದ ಪರಾತ ಎತ್ತಿ ಚಂದ್ರನನ್ನು ಮರೆಮಾಡಿ ನಿಂತಿದ್ದರು, ಅದರ ನೆರಳಲ್ಲಿ ಯಜಮಾನರು ಟೊಂಕ ಬಗ್ಗಿಸಿ ದುರ್ಬೀನಿಗೆ ಕಣ್ಣು ಹಚ್ಚಿದ್ದರು. ಮೋಡ ಸರಿದಿತ್ತು. ಮೊದಲು ಬರಿಗಣ್ಣಿಗೆ ತೋರಿಸಿದೆ, ಆಮೇಲೆ ದುರ್ಬೀನಿನಲ್ಲಿ. ಮಂಗಳ ಆಗ ನಮ್ಮಿಂದ ಬಹಳ ದೂರ ಇತ್ತು, ದುರ್ಬೀನಿನಲ್ಲೂ ಕೆಂಪು ಚುಕ್ಕೆಗಿಂತ ಹೆಚ್ಚೇನೂ ಇಲ್ಲ.

“ಇದ ಏನ್ರಿ? ಸಾಸಿವಿ ಕಾಳಿನಷ್ಟೂ ಇಲ್ಲಲ್ರಿ!” ಯಜಮಾನರಿಗೆ ನಗು ತಡೆಯಲಿಲ್ಲ. “ಇದಕ್ಕ ಇಷ್ಟ ಹೆದರಿದ್ವೇನು?” ಆಮೇಲೆ ಕಣ್ಣು ತೆಗೆಯದೆಯೇ, ಮೆತ್ತಗೆ ಕೇಳಿದರು: “ಹಂಗಾರ ಸರ, ಇಷ್ಟ ಸಣ್ಣದರ ದೋಷನೂ ಸಣ್ಣದ ಇರಬೇಕಲ್ರಿ?”

ಇಲ್ಲಿ ನಾನು ಹೇಳಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. ಮೂವತ್ತು ವರ್ಷ ಅದನ್ನೇ ಕಲಿಸಿದ್ದೆ. ಆದರೆ ದೋಷವೇ ಸುಳ್ಳು ಅಂದರೆ ಈ ಮನುಷ್ಯ ಜೋಯಿಸರ ಕಡೆ ತಿರುಗಿಬಿಟ್ಟರೆ? ಸಣ್ಣ ದೋಷಕ್ಕೆ ಒಪ್ಪಿದವರು ಇಲ್ಲದ ದೋಷಕ್ಕೆ ಒಪ್ಪುತ್ತಾರೆಂದು ಏನು ಖಾತ್ರಿ? ಸೋಮವಾರ ಇನ್ನು ಐದೇ ದಿನ ಇತ್ತು.

“ಹೌದ್ರಿ,” ಅಂದೆ. “ಭಾಳ ಸಣ್ಣದು.”

ಹೇಳಿದ ಕೂಡಲೆ ಪರಾತ ಹಿಡಿದದ್ದೇ ಮರೆತು ಕೆಳಗಿಳಿಸಿಬಿಟ್ಟೆ. ಖುಷಿಯಿಂದ ತಲೆ ಎತ್ತಿದ ಯಜಮಾನರ ಕಣ್ಣೆದುರು ಚೌತಿಯ ಚಂದ್ರ ನೆಟ್ಟಗೆ ಕೂತಿದ್ದ.

“ಅಯ್ಯಯ್ಯೋ, ಕಂಡಬಿಟ್ನಲ್ರಿ ಸರ!”

ಇದಕ್ಕೆ ನಮ್ಮಲ್ಲಿ ಪರಿಹಾರ ಉಂಟು. ಚೌತಿಯ ಚಂದ್ರನನ್ನು ಕಂಡವರು ಯಾರಿಂದಲಾದರೂ ಬೈಸಿಕೊಳ್ಳಬೇಕು. ಅಪವಾದ ಅಲ್ಲಿಗೇ ತೀರುತ್ತದೆ. ಅದಕ್ಕೆಂದೇ ಮಂದಿ ಬಾಜೂ ಮನೆಯ ಮೇಲೆ ಕಲ್ಲು ಒಗೆಯುತ್ತಾರೆ. ಯಜಮಾನರೂ ಕೆಳಗಿಳಿದು ಬಾಜೂ ಮನೆಯ ತಗಡಿನ ಮೇಲೆ ಒಂದು ಕಲ್ಲು ಒಗೆದರು. ಢಣ್ ಅಂತ ಸಪ್ಪಳಾಯಿತು. ಒಳಗಿಂದ ಗಂಡಸೊಬ್ಬ, “ಯಾವನಲೇ ಅವ?” ಎನ್ನುತ್ತ ಹೊರಗೆ ಬಂದ. ಇವರನ್ನು ಕಂಡು ಧ್ವನಿ ಇಳಿಸಿದ.

“ಗೌಡ್ರ, ನೀವೇನ್ರಿ? ಮ್ಯಾಲೆ ಏನಾರ ಬಿದ್ದೈತೇನ್ರಿ? ಹತ್ತಿ ತಗದ ಕೊಡ್ಲಿ?”

“ಬಯ್ಯೋ ಮಾರಾಯಾ, ಚಂದ್ರನ್ನ ಕಂಡೀನಿ.”

“ಛೇ ಛೇ, ನಿಮಗ ಬಯ್ಯೂದೇನ್ರಿ! ಬಾಯಾಗ ಹುಳ ಬೀಳತಾವು.” ಅವನು ಕೈಮುಗಿದು ಒಳಗೆ ಹೋದ. ಎರಡನೆಯ ಮನೆಯಲ್ಲಿ ಕಲ್ಲಿಗೆ ಉತ್ತರವಾಗಿ ಕಡುಬು ತಂದುಕೊಟ್ಟರು.

“ಮನಿಯಾಗ ಬೈಸ್ಕೊಳ್ರಿ,” ಅಂದೆ.

“ಹೆಣ್ತಿ ಬಯ್ಯೂದು ಲೆಕ್ಕಕ್ಕ ಬರೂದಿಲ್ರಿ, ಅದು ದಿನಾ ಇರೂದು. ನೀವ ಬಯ್ರಿ ಸರ.”

ವಾರವಿಡೀ ಸಾಲುಸಾಲಾಗಿ ತಯಾರು ಮಾಡಿಟ್ಟ ಬೈಗುಳು ನನ್ನ ಗಂಟಲಲ್ಲೇ ಇದ್ದವು. ಬೈಸಿಕೊಳ್ಳಬೇಕಾದವರೇ ಎದುರು ನಿಂತು ಬೇಡುತ್ತಿದ್ದರು. ಹೆಣ್ಣಿನ ಕಡೆಯವನಾಗಿ ನನ್ನ ಬಾಯಿಂದ ಒಂದೂ ಹೊರಡಲಿಲ್ಲ. ಅವರೇ ನಗುತ್ತ, “ಹಂಗಾರ ಹುಡಿಗಿಗೆ ಫೋನ್ ಹಚ್ರಿ. ಸೊಸಿ ಕೈಲೆ ಹ್ಯಾಂಗೂ ಬೈಸ್ಕೊಳ್ಳೂದು ಐತಿ, ಇವತ್ತ ಸುರು ಆಗ್ಲಿ,” ಅಂದರು. ಸೊಸಿ ಅಂದರಲ್ಲ ಎಂದು ನಾನು ಹಿಗ್ಗಿ, ಸ್ಪೀಕರ್ ಹಾಕಿ ಫೋನು ಹಚ್ಚಿದೆ. ಹುಡುಗನೂ ಬಾಗಿಲಿಗೆ ಬಂದು ನಿಂತ.

ವಿಷಯ ಕೇಳಿ ಆಕೆ ನಕ್ಕಳು. ಎಷ್ಟೋ ದಿನಕ್ಕೆ ಕೇಳಿದ ನಗು. “ಏನಂತ ಬಯ್ಲಿ ಮಾಮಾ? ಮೊದಲ ಏನಾತು ಹೇಳ್ರಿ.”

ನಾನು ಬಾಯಿ ತೆರೆಯುವ ಮೊದಲು ಯಜಮಾನರೇ ಸಂಭ್ರಮದಿಂದ ಹೇಳಿದರು. “ನಿಮ್ಮ ಮಾಮಾರು ಮಂಗಳ ತೋರಿಸಿದ್ರವಾ. ಸಣ್ಣ ಚುಕ್ಕಿ ಐತಿ. ಅದರ ದೋಷನೂ ಭಾಳ ಸಣ್ಣದು ಅಂತ ಅವರ ಅಂದ್ರು. ಸೋಮವಾರ ನಾವು ಬರೂದು ಖರೇ.”

ಆ ಕಡೆ ನಗು ನಿಂತಿತು.

“ಮಾಮಾ ಹಂಗ ಅಂದ್ರೇನ್ರಿ?” ಅಂದಳು. ಆಮೇಲೆ ಆಕೆ ಧ್ವನಿ ಏರಿಸದೆ ಮಾತಾಡಿದಳು.

“ಕಾಕಾರ, ಬೈ ಅಂದ್ರಲ್ರಿ, ಕೇಳ್ರಿ. ಇನ್ನ ಒಂದೂವರಿ ವರ್ಷಕ್ಕ ಆ ಮಂಗಳ ಖರೇನ ಹತ್ರ ಬರತೈತಿ. ಚಂದ್ರನಷ್ಟ ಅಲ್ಲ, ಆದ್ರ ಇವತ್ತಿಗಿಂತ ಭಾಳ ಢಾಳ ಕಾಣತೈತಿ. ಇದನ್ನ ನನಗ ಕಲಿಸಿದವರು ನಿಮ್ಮ ಬಾಜೂಕ ನಿಂತಾರ, ಅವರನ್ನ ಕೇಳ್ರಿ. ಅಷ್ಟೊತ್ತಿಗೆ ನಾ ನಿಮ್ಮ ಮನಿಯಾಗ ಇರ್ತೀನಿ. ಮನಿಯಾಗ ಯಾರಿಗರ ಜಡ್ಡ ಬಂದ್ರ, ಎತ್ತಿನ ಕಾಲ ಉಳುಕಿದ್ರ, ನೀವೆಲ್ಲಾ ಮೊದಲ ಮ್ಯಾಲೆ ನೋಡ್ತೀರಿ, ಆಮ್ಯಾಲೆ ನನ್ನ ಮಾರಿ ನೋಡ್ತೀರಿ. ಆಗ ನಾ ಎಲ್ಲಿಗೆ ಹೋಗ್ಲಿ? ಇದಕ್ಕ ಜವಾಬ್ ಇದ್ರ ಸೋಮವಾರ ಬರ್ರಿ. ಇಲ್ಲಂದ್ರ ಬರಬ್ಯಾಡ್ರಿ.” ಕಡೆಗೆ, “ಮಾಮಾ, ನಿಮಗೂ ಅದ ಮಾತು,” ಅಂದು ಫೋನಿಟ್ಟಳು.

ಹುಡುಗ ತಲೆ ತಗ್ಗಿಸಿದ. ಯಜಮಾನರು ಕಟ್ಟೆಯ ಮೇಲೆ ಕೂತರು. ಓಣಿಯಲ್ಲಿ ಗಣಪತಿಯ ಮುಂದೆ ಪಟಾಕಿ ಹಾರುತ್ತಿದ್ದವು.

“ಖರೇ ಏನ್ರಿ ಸರ? ಹತ್ರ ಬರತೈತಿ?”

“ಬರತೈತ್ರಿ.”

“ಬಂದ್ರ ಏನಾಗತೈತಿ?”

“ಏನೂ ಆಗೂದಿಲ್ರಿ. ಹತ್ರ ಬಂದ್ರೂ ಇಲ್ಲ, ದೂರ ಹೋದ್ರೂ ಇಲ್ಲ. ಅದಕ್ಕೂ ಹುಡಿಗಿಗೂ ಏನೂ ಸಂಬಂಧ ಇಲ್ರಿ.”

“ಮತ್ತ ಮಾಳಿಗಿ ಮ್ಯಾಲೆ ನಾ ಕೇಳಿದಾಗ ಯಾಕ ಹಂಗ ಅಂದ್ರಿ?”

“ಸೋಮವಾರ ನೀವು ಬರ್ಲಿ ಅಂತ.”

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. “ನಾ ಓದಿದಾಂವ ಅಲ್ರಿ,” ಅಂದರು. “ಫೋನಿನಾಗ ಬಂದದ್ದ ಖರೇನೋ ಸುಳ್ಳೋ ನನಗ ತಿಳಿಯೂದಿಲ್ಲ. ಅದಕ್ಕ ನಿಮ್ಮನ್ನ ಕರಸಿ ಕೇಳಿದೆ. ನೀವು ಏನ ಅಂದ್ರೂ ನಂಬತಿದ್ದೆ.”

ದಾರಿಯುದ್ದಕ್ಕೂ ಆ ಮಾತು ನನ್ನನ್ನು ಕೊರೆಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಇಷ್ಟು ವರ್ಷ ಮಂದಿ ಸುಳ್ಳನ್ನು ಮುಂದೆ ಕಳಿಸುತ್ತಾರೆ ಎಂದು ಹಲ್ಲು ಕಡಿದವನು ನಾನು. ಅವರು ತಿಳಿಯದೆಯೋ ಮರೆತೋ ಕಳಿಸಿದ್ದರು, ನನ್ನ ಹಾಗೆ ಗೊತ್ತಿದ್ದು ಕಳಿಸಿರಲಿಲ್ಲ.

ಸೋಮವಾರ ಅವರು ಬಂದರು. ಗಜೇಂದ್ರಗಡದ ಆ ಮನೆಯ ಪಡಸಾಲೆಯಲ್ಲಿ ಮಗ್ಗ ಬದಿಗೆ ಸರಿಸಿ ಜಮಖಾನೆ ಹಾಸಿತ್ತು. ಯಜಮಾನರು ಕೂಡುವ ಮೊದಲೇ ಹುಡುಗಿಯನ್ನು ಕರೆಯಿಸಿ, “ಅದು ಹತ್ರ ಬರ್ಲಿ, ದೂರ ಹೋಗ್ಲಿ, ನಮ್ಮ ಮನಿಯಾಗ ಯಾರೂ ನಿನ್ನ ಮಾರಿ ನೋಡೂದಿಲ್ಲವಾ. ನೋಡಿದ್ರ ನನಗ ಹೇಳು,” ಅಂದರು. ಆಕೆ ಅವರ ಕಾಲಿಗೆ ನಮಸ್ಕಾರ ಮಾಡಿದಳು. ಆಮೇಲೆ, ಇನ್ನು ನಿಮ್ಮ ಸರದಿ ಎನ್ನುವ ಹಾಗೆ ನನ್ನ ಕಡೆ ತಿರುಗಿ ನಿಂತಳು.

ನಾನು ಎದ್ದು ನಿಂತೆ. ಎರಡೂ ಕಡೆಯ ಬಂಧು ಬಳಗ, ಜೋಯಿಸರು, ನನ್ನ ತಂಗಿ ಎಲ್ಲರೂ ನೋಡುತ್ತಿದ್ದರು. ಮಂಗಳ ಒಂದು ಕಲ್ಲುಮಣ್ಣಿನ ಗ್ರಹ, ಅದರಿಂದ ಯಾವ ಹುಡುಗಿಗೂ ಯಾವ ದೋಷವೂ ಬರುವುದಿಲ್ಲ, ಇದು ಗೊತ್ತಿದ್ದೂ ನಾನು ಅವತ್ತು ಹೆದರಿ ಸುಳ್ಳು ಹೇಳಿದೆ ಎಂದೆ. ಹೇಳುವುದು ಮುಗಿದರೂ ಕೂಡಬೇಕೋ ಬೇಡವೋ ತಿಳಿಯದೆ ನಾನು ನಿಂತೇ ಇದ್ದೆ.

“ಕುಂಡ್ರಿ ಮಾಮಾ,” ಅಂದಳು.